ಆ ಗೆರೆಗಳು ಬಳಿದದ್ದಲ್ಲ, ಮಣ್ಣೇ ಹಾಗಿದೆ

ಪ್ರಶ್ನೆ: ಕೆಲಸದ ಮೇಲೆ ಶಾಂಘೈಗೆ ಹೋಗಿದ್ದಾಗ ಅಲ್ಲಿನ ಮ್ಯೂಸಿಯಂನಲ್ಲಿ ತಾಂಗ್ ರಾಜವಂಶದ ಕಾಲದ (ಕ್ರಿ.ಶ. 618–907) ಒಂದು ಪುಟ್ಟ ಮಣ್ಣಿನ ದಿಂಬು ನೋಡಿದೆ. ಮೈಮೇಲೆಲ್ಲಾ ಅಮೃತಶಿಲೆಯಲ್ಲಿ ಇರುವಂಥ ಕಂದು-ಬಿಳಿ ಗೆರೆಗಳು, ಮೇಲೆ ಹೊಳಪು. ಈ ಗೆರೆಗಳು ಬಣ್ಣ ಬಳಿದು ಬಂದದ್ದಾ, ಗ್ಲೇಜ್‌ನಿಂದ ಬಂದದ್ದಾ, ಅಥವಾ ಮಣ್ಣೇ ಹಾಗಿದೆಯಾ? ತಾಂಗ್ ಕಾಲದ ಮೂರು ಬಣ್ಣದ ಕುದುರೆಗಳೂ ಇದೇ ಜಾತಿಯವಾ? ಇಂಥದ್ದೇ ಒಂದು ಬಟ್ಟಲು ಆನ್‌ಲೈನ್‌ನಲ್ಲಿ ಮಾರಾಟಕ್ಕಿದೆ, ಸಾವಿರ ವರ್ಷ ಹಳೆಯದು ಅನ್ನುತ್ತಾರೆ. ನಂಬಬಹುದಾ?

ಉತ್ತರ: ಮಣ್ಣೇ ಹಾಗಿದೆ. ಆ ಗೆರೆಗಳನ್ನು ಯಾರೂ ಕುಂಚ ಹಿಡಿದು ಎಳೆದಿಲ್ಲ. ಬಿಳಿ ಮಣ್ಣು, ಕಂದು ಮಣ್ಣು ಎರಡನ್ನೂ ಪದರ ಪದರವಾಗಿ ಜೋಡಿಸಿ, ತಿರುಚಿ, ಕೊಯ್ದು, ಆ ಹೋಳುಗಳನ್ನೇ ಕೂಡಿಸಿ ಮಾಡಿದ ಕೆಲಸ ಅದು. ಚೀನಾದಲ್ಲಿ ಇದನ್ನು ಜ್ಯಾವ್‌ತಾಯ್ ಎಂದು ಕರೆಯುತ್ತಾರೆ. ಮೇಲಿನ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಬಹುತೇಕ ತಿಳಿಯಾಗಿರುತ್ತದೆ, ಕೆಲವೊಮ್ಮೆ ಸ್ವಲ್ಪ ಹಳದಿ ಛಾಯೆ ಇರುತ್ತದೆ. ಗೆರೆ ಹುಟ್ಟಿಸುವುದು ಅದರ ಕೆಲಸವಲ್ಲ. ಒಳಗಿರುವ ಗೆರೆಯನ್ನು ಎತ್ತಿ ತೋರಿಸುವುದಷ್ಟೇ ಅದರ ಕೆಲಸ.

ನಿಮ್ಮ ಗೊಂದಲ ಸಹಜವೇ. ಗಾಜಿನ ಪೆಟ್ಟಿಗೆಯ ಆಚೆ ನಿಂತು ನೋಡಿದರೆ ಮೂರು ಬೇರೆ ಬೇರೆ ಕೆಲಸಗಳು ಒಂದೇ ಥರ ಕಾಣುತ್ತವೆ. ಒಂದು, ಈಗ ಹೇಳಿದ ಎರಡು ಮಣ್ಣಿನ ಕೆಲಸ. ಎರಡನೆಯದು, ಒಂದೇ ಬಣ್ಣದ ಪಾತ್ರೆಯ ಮೇಲೆ ಎರಡು ಬಣ್ಣದ ತೆಳು ಮಣ್ಣಿನ ನೀರನ್ನು ಸುರಿದು, ಅದು ಹಸಿ ಇರುವಾಗಲೇ ಪಾತ್ರೆಯನ್ನು ಅಲುಗಿಸಿ ಅಥವಾ ಕಡ್ಡಿಯಿಂದ ಕಲಕಿ ಗೆರೆ ಬರಿಸುವುದು. ಮೂರನೆಯದರಲ್ಲಿ ಕಲಸುವುದು ಗ್ಲೇಜ್‌ಗಳನ್ನೇ. ಕೊನೆಯ ಎರಡರಲ್ಲಿ ಗೆರೆ ಚರ್ಮದ ಮಟ್ಟದಲ್ಲೇ ನಿಲ್ಲುತ್ತದೆ. ಮೊದಲನೆಯದರಲ್ಲಿ ಮಾತ್ರ ಅದು ಒಳಕ್ಕೆ ಇಳಿದಿರುತ್ತದೆ. ಒಂದು ಒಡೆದ ಚೂರು ಕೈಗೆ ಸಿಕ್ಕಿದರೆ ಈ ವ್ಯತ್ಯಾಸ ಕ್ಷಣದಲ್ಲಿ ಗೊತ್ತಾಗುತ್ತದೆ. ಒಡೆದ ಅಂಚನ್ನು ಅಡ್ಡ ಹಿಡಿದು ನೋಡಿ. ಕಂದು ಪಟ್ಟಿ ಹೊರಮೈಯಿಂದ ಒಳಮೈವರೆಗೆ ಹಾದುಹೋಗಿದ್ದರೆ ಅದು ಜ್ಯಾವ್‌ತಾಯ್. ಬಣ್ಣ ಮೇಲೆ ಕೂದಲೆಳೆಯಷ್ಟು ದಪ್ಪಕ್ಕೆ ನಿಂತು, ಕೆಳಗೆಲ್ಲಾ ಒಂದೇ ಮಣ್ಣು ಕಂಡರೆ ಅಲ್ಲ.

ಮೂರು ಬಣ್ಣದ ಕುದುರೆ, ಒಂಟೆಗಳು ಈ ಜಾತಿಯವಲ್ಲ. ಅವು ಸಾನ್‌ತ್ಸಾಯ್. ಅಲ್ಲಿ ಮೈ ಒಂದೇ ಬಿಳಿಚು ಮಣ್ಣಿನದು, ಆಟವೆಲ್ಲಾ ಗ್ಲೇಜ್‌ನದು. ತಾಮ್ರ ಹಾಕಿದ ಗ್ಲೇಜ್ ಹಸಿರಾಗುತ್ತದೆ, ಕಬ್ಬಿಣ ಹಾಕಿದ್ದು ಜೇನಿನ ಬಣ್ಣಕ್ಕೆ ಬರುತ್ತದೆ, ಅಪರೂಪಕ್ಕೆ ಕೋಬಾಲ್ಟ್ ಹಾಕಿದರೆ ನೀಲಿ. ಅವು ಬೆಂಕಿಯಲ್ಲಿ ಕರಗಿ ಒಂದರೊಳಗೊಂದು ಹರಿಯುತ್ತವೆ. ಎಲ್ಲಿ ಹರಿಯಬೇಕು ಅನ್ನುವುದನ್ನು ಕುಂಬಾರ ಅರ್ಧ ಮಾತ್ರ ನಿರ್ಧರಿಸುತ್ತಾನೆ, ಉಳಿದರ್ಧ ಪಾತ್ರೆ ಸುಡುವ ಗೂಡಿನದು. ಆದರೆ ಎರಡೂ ಹತ್ತಿರದ ನೆಂಟರು ಅನ್ನಲು ಅಡ್ಡಿಯಿಲ್ಲ. ಹೆನಾನ್ ಪ್ರಾಂತ್ಯದ ಗೊಂಗ್‌ಶಿಯೆನ್‌ನಲ್ಲಿ, ಅಂದರೆ ಇವತ್ತಿನ ಗೊಂಗ್‌ಯಿಯಲ್ಲಿ, ಹ್ವಾಂಗ್‌ಯೆ ಎನ್ನುವ ಕಡೆ ತಾಂಗ್ ಕಾಲದ ಗೂಡುಗಳಿವೆ. ಸಾನ್‌ತ್ಸಾಯ್ ಚೂರುಗಳೂ ಎರಡು ಮಣ್ಣಿನ ಚೂರುಗಳೂ ಅಲ್ಲಿ ಒಂದೇ ಜಾಗದಲ್ಲಿ ಸಿಕ್ಕಿವೆ. ಅದೇ ಕೇರಿಯ ಕೈಗಳು ಎರಡನ್ನೂ ಮಾಡಿವೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಮಾಡುವುದು ಹೇಗೆ?

ಎರಡು ಬಣ್ಣದ ಮಣ್ಣನ್ನು ಸುಮ್ನೆ ಒಟ್ಟಿಗೆ ನಾದಿದರೆ ಮೊದಲು ಗೆರೆ ಬರುತ್ತದೆ, ಇನ್ನೂ ನಾದಿದರೆ ಗೆರೆಯೆಲ್ಲಾ ಕರಗಿ ಒಂದೇ ಮಂಕು ಬಣ್ಣವಾಗುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಕೈಗೆ ಗೊತ್ತಿರಬೇಕು. ಸುಲಭದ ಕೆಲಸದಲ್ಲಿ ಅಷ್ಟೇ ಮಾಡಿ ತಿಗರಿಗೆ ಹಾಕುತ್ತಿದ್ದರು. ತಿಗರಿ ತಿರುಗಿದ ಹಾಗೆ ಗೆರೆಗಳೂ ಸುತ್ತಿಕೊಂಡು ಮೇಲೇರುತ್ತವೆ. ಒಳ್ಳೆಯ ದಿಂಬುಗಳ ವಿಷಯ ಬೇರೆ. ಅಲ್ಲಿ ಗೆರೆ ಹೇಗೆ ಬರಬೇಕು ಅಂತ ಮೊದಲೇ ಯೋಚಿಸಿರುತ್ತಾರೆ. ಬಿಳಿ ಮಣ್ಣಿನ ತೆಳು ಹಾಳೆ, ಅದರ ಮೇಲೆ ಕಂದು ಹಾಳೆ, ಮತ್ತೆ ಬಿಳಿ. ಹೀಗೆ ಒಂದರ ಮೇಲೊಂದು ಇಟ್ಟು ಒತ್ತುತ್ತಾರೆ. ಆಮೇಲೆ ಸುರುಳಿ ಸುತ್ತುತ್ತಾರೆ, ಅಥವಾ ಪಟ್ಟಿ ಕೊಯ್ದು ತಿರುಚುತ್ತಾರೆ. ಆ ಉಂಡೆಯನ್ನು ಅಡ್ಡಕ್ಕೆ ಕೊಯ್ದರೆ ಪ್ರತಿ ಹೋಳಿನಲ್ಲೂ ಅದೇ ಹೂವು ಬರುತ್ತದೆ. ಪತ್ರೊಡೆ ಮಾಡುವವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಎಲೆ, ಹಿಟ್ಟು, ಎಲೆ, ಹಿಟ್ಟು ಅಂತ ಹಚ್ಚಿ ಸುರುಳಿ ಸುತ್ತಿ ಬೇಯಿಸಿ ಕೊಯ್ದಾಗ ಹೋಳಿನ ಮೇಲೆ ಕಾಣುವ ಸುತ್ತು ಇದೆಯಲ್ಲ, ಅದೇ.

ಹೀಗೆ ಕೊಯ್ದ ಹೋಳುಗಳನ್ನು ಪಕ್ಕಪಕ್ಕ ಜೋಡಿಸಿ, ಸಂದು ಮುಚ್ಚುವವರೆಗೆ ಒತ್ತಿ, ಒಂದು ಹಾಳೆ ಮಾಡುತ್ತಾರೆ. ಆ ಹಾಳೆ ದಿಂಬಿನ ಮೇಲ್ಮುಖವಾಗುತ್ತದೆ. ಇಲ್ಲಿ ಒಂದು ಮಾತು ಸೇರಿಸಬೇಕು. ಎಷ್ಟೋ ದಿಂಬುಗಳಲ್ಲಿ ಗೆರೆಯ ಮಣ್ಣು ಪೂರ್ತಿ ದಪ್ಪಕ್ಕೆ ಇರುವುದಿಲ್ಲ. ಒಳಗೆ ಸಾದಾ ಮಣ್ಣಿನ ಪೆಟ್ಟಿಗೆ, ಮೇಲೆ ಮಾತ್ರ ಈ ಹಾಳೆಯನ್ನು ಅಂಟಿಸಿರುತ್ತಾರೆ. ಹೂಗೆರೆಯ ಮಣ್ಣು ಮಾಡಲು ಶ್ರಮ ಜಾಸ್ತಿ, ಕಾಣದ ಕಡೆ ಅದನ್ನು ಯಾಕೆ ಖರ್ಚು ಮಾಡಬೇಕು ಅಲ್ವಾ? ಇದನ್ನು ಮೋಸ ಅನ್ನಬಾರದು. ಇದರಲ್ಲಿ ಇನ್ನೊಂದು ಉಪಯೋಗವೂ ಇದೆ. ಒಂದೇ ಮಣ್ಣಿನ ಗಟ್ಟಿ ಪೆಟ್ಟಿಗೆ ಕೆಳಗಿದ್ದರೆ ಮೇಲಿನ ಹಾಳೆ ಸುಡುವಾಗ ಸೊಟ್ಟಗಾಗುವುದು ಕಡಿಮೆ.

ಸೊಟ್ಟಗಾಗುವುದು, ಬಿರಿಯುವುದು, ಇವೇ ಈ ಕೆಲಸದ ನಿಜವಾದ ಶತ್ರುಗಳು. ಜನ ಗೆರೆಯ ಅಂದ ನೋಡಿ ಅದೇ ಕಷ್ಟ ಅಂದುಕೊಳ್ಳುತ್ತಾರೆ. ಗೆರೆ ಬರಿಸುವುದು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ಸಂಗತಿ. ಅದು ಒಡೆಯದೆ ಗೂಡಿನಿಂದ ಹೊರಬರುವ ಹಾಗೆ ಮಾಡುವುದೇ ವಿದ್ಯೆ. ಹಸಿ ಮಣ್ಣು ಒಣಗುವಾಗ ಕುಗ್ಗುತ್ತದೆ, ಸುಟ್ಟಾಗ ಮತ್ತೆ ಕುಗ್ಗುತ್ತದೆ. ಎಲ್ಲಾ ಮಣ್ಣೂ ಒಂದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ. ಪಕ್ಕಪಕ್ಕದ ಎರಡು ಪಟ್ಟಿಗಳಲ್ಲಿ ಒಂದು ನೂರಕ್ಕೆ ಎಂಟರಷ್ಟು, ಇನ್ನೊಂದು ನೂರಕ್ಕೆ ಹನ್ನೊಂದರಷ್ಟು ಕುಗ್ಗಿತು ಅಂತಿಟ್ಟುಕೊಳ್ಳಿ. ಸಂದಿನಲ್ಲಿ ಸೀಳು ಗ್ಯಾರಂಟಿ. ಅದರ ಮೇಲೆ ಕಬ್ಬಿಣದ ಕಾಟ. ಮಣ್ಣಿಗೆ ಕಂದು ಬಣ್ಣ ಕೊಡುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡ್. ಅದು ಬಣ್ಣ ಕೊಟ್ಟು ಸುಮ್ಮನಿರುವುದಿಲ್ಲ, ಮಣ್ಣನ್ನು ಬೇಗ ಮೆದುವಾಗಿಸುತ್ತದೆ. ಬಿಳಿ ಮಣ್ಣು ಇನ್ನೂ ಬೇಯುತ್ತಿರುವ ಶಾಖದಲ್ಲಿ ಕಂದು ಮಣ್ಣು ಆಗಲೇ ಬಿಗಿಯಾಗತೊಡಗುತ್ತದೆ. ಹೀಗಾಗಿ ಎಲ್ಲೋ ಒಂದು ಕಡೆಯ ಬಿಳಿ ಮಣ್ಣು, ಇನ್ನೆಲ್ಲೋ ಸಿಕ್ಕ ಕೆಂಪು ಮಣ್ಣು ತಂದು ಸೇರಿಸಿದರೆ ಆಗದು. ಸುರಕ್ಷಿತವಾದ ದಾರಿ ಅಂದರೆ ಒಂದೇ ಬಿಳಿ ಮಣ್ಣನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಕಬ್ಬಿಣ ಇರುವ ಮಣ್ಣನ್ನು ಹದವಾಗಿ ಸೇರಿಸುವುದು. ಇವತ್ತಿಗೂ ಈ ಕೆಲಸ ಕಲಿಯುವವರಿಗೆ ಮೊದಲು ಹೇಳಿಕೊಡುವುದು ಇದನ್ನೇ. ಒಣಗಿಸುವಾಗಲೂ ಅವಸರ ಕೂಡದು. ಬಟ್ಟೆ ಮುಚ್ಚಿ, ಗಾಳಿ ತಾಗದಂತೆ, ನಿಧಾನವಾಗಿ.

ತಿಗರಿಯ ಮೇಲೆ ಮಾಡಿದ ಪಾತ್ರೆಗೆ ಇನ್ನೂ ಒಂದು ಹಂತ ಉಂಟು. ಕೈಯ ನೀರಿಗೆ ಎರಡು ಮಣ್ಣೂ ಕದಡಿ ಮೇಲೆಲ್ಲಾ ಒಂದು ಮಸುಕು ಲೇಪ ಕೂರುತ್ತದೆ. ಪಾತ್ರೆ ಅರ್ಧ ಒಣಗಿದ ಮೇಲೆ ಅದನ್ನು ಹರಿತವಾದ ಅಲಗಿನಿಂದ ಹೆರೆಯಬೇಕು. ಆಗಲೇ ಗೆರೆ ಚೊಕ್ಕವಾಗಿ ಕಾಣಿಸಿಕೊಳ್ಳುವುದು.

ಇನ್ನು ಗ್ಲೇಜ್. ಚೀನಾದಲ್ಲಿ ಗ್ಲೇಜ್‌ನ ಕಥೆ ತುಂಬಾ ಹಳೆಯದು. ಕ್ರಿಸ್ತಪೂರ್ವ ಎರಡನೇ ಸಾವಿರಮಾನದಲ್ಲಿ, ಶಾಂಗ್ ಕಾಲದಲ್ಲೇ ಬೂದಿಯಿಂದ ಬರುವ ಗ್ಲೇಜ್ ಇತ್ತು. ಸೀಸದ ಗ್ಲೇಜ್ ಹಾನ್ ಕಾಲದಲ್ಲಿ ಬಳಕೆಗೆ ಬಂತು, ಗೋರಿಗಳಲ್ಲಿ ಇಡುವ ಹಸಿರು ಪಾತ್ರೆಗಳಿಗೆ. ತಾಂಗ್ ಕಾಲದವರು ಈ ಸೀಸದ ಗ್ಲೇಜ್ ಅನ್ನೇ ಕೈಗೆತ್ತಿಕೊಂಡು ಅದರಿಂದ ಏನೇನು ಸಾಧ್ಯವೋ ಎಲ್ಲವನ್ನೂ ಮಾಡಿಸಿದರು. ಗಾಜು ಆಗುವುದು ಬೆಣಚಿನ ಸಿಲಿಕಾ. ಅದೊಂದನ್ನೇ ಕರಗಿಸಲು ಸುಮಾರು 1700 ಡಿಗ್ರಿ ಬೇಕು, ಅಷ್ಟು ಶಾಖ ಆ ಕಾಲದ ಯಾವ ಗೂಡಿನಲ್ಲೂ ಇರಲಿಲ್ಲ. ಸೀಸದ ಆಕ್ಸೈಡ್ ಸೇರಿಸಿದರೆ 800–900 ಡಿಗ್ರಿಗೇ ಕರಗಿ ಹರಿಯುತ್ತದೆ. ಸಾನ್‌ತ್ಸಾಯ್ ಗ್ಲೇಜ್‌ಗಳಲ್ಲಿ ಸಾಮಾನ್ಯವಾಗಿ ತೂಕದ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಸೀಸವೇ. ಮೊದಲು ಮಣ್ಣನ್ನು ಗ್ಲೇಜ್ ಇಲ್ಲದೆ ಸುಮಾರು 1000–1100 ಡಿಗ್ರಿಗೆ ಸುಡುತ್ತಿದ್ದರು. ಆಮೇಲೆ ಗ್ಲೇಜ್ ಹಚ್ಚಿ ಕಡಿಮೆ ಶಾಖದಲ್ಲಿ ಇನ್ನೊಮ್ಮೆ.

ಎರಡು ಮಣ್ಣಿನ ಕೆಲಸಕ್ಕೆ ಇದರಿಂದ ಆದ ಉಪಕಾರ ದೊಡ್ಡದು. ಮೊದಲ ಸುಡುವಿಕೆಯಲ್ಲಿ ಬಿರಿಯುವುದು ಬಿರಿದುಹೋಗುತ್ತದೆ, ಉಳಿದದ್ದಕ್ಕೆ ಮಾತ್ರ ಗ್ಲೇಜ್ ಹಚ್ಚಿದರೆ ಸಾಕು. ಎರಡನೇ ಸಲದ ಶಾಖ ಮೊದಲಿನದಕ್ಕಿಂತ ಕಡಿಮೆ ಇರುವುದರಿಂದ ಮಣ್ಣು ಮತ್ತೆ ಕುಗ್ಗುವ ಭಯವಿಲ್ಲ. ನೋಟಕ್ಕೂ ಲಾಭವಿದೆ. ಗ್ಲೇಜ್ ಇಲ್ಲದ ಸುಟ್ಟ ಮಣ್ಣಿನ ಮೈ ಒರಟು, ಅದರಲ್ಲಿ ಕಂದು ಮತ್ತು ಬಿಳಿಯ ನಡುವೆ ಹೆಚ್ಚು ಅಂತರ ಕಾಣುವುದಿಲ್ಲ. ಸೀಸದ ಗ್ಲೇಜ್ ಬೆಳಕನ್ನು ಜೋರಾಗಿ ಬಾಗಿಸುತ್ತದೆ, ಮೈ ನುಣುಪಾಗುತ್ತದೆ. ಕಂದು ಗಾಢವಾಗುತ್ತದೆ, ಬಿಳಿ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ನೀವು ಮ್ಯೂಸಿಯಂನಲ್ಲಿ ನೋಡಿ ಮೆಚ್ಚಿದ್ದು ಈ ಎರಡರ ಕೂಟವನ್ನು.

ಇದೆಲ್ಲಾ ಯಾವ ಕಾಲದ್ದು ಅಂತ ಖಚಿತವಾಗಿ ಹೇಳಲು ನಮಗೆ ಒಂದು ಒಳ್ಳೆಯ ಆಧಾರವಿದೆ. ಶಾನ್‌ಶಿ ಪ್ರಾಂತ್ಯದಲ್ಲಿ ತಾಂಗ್ ಚಕ್ರವರ್ತಿಗಳ ಛಿಯೆನ್‌ಲಿಂಗ್ ಸಮಾಧಿ ಇದೆ. ಅದರ ಆವರಣದಲ್ಲೇ ರಾಜಕುಮಾರ ಯಿದೆಯ ಗೋರಿ. ಅವನ ನಿಜ ಹೆಸರು ಲಿ ಚೊಂಗ್‌ರುನ್, ಸಾಮ್ರಾಜ್ಞಿ ವು ಜ಼ತ್ಯೆನ್‌ಳ ಮೊಮ್ಮಗ. 701ರಲ್ಲಿ, ಇನ್ನೂ ಇಪ್ಪತ್ತು ತುಂಬದ ವಯಸ್ಸಿನಲ್ಲಿ, ಅವಳ ಕೋಪಕ್ಕೇ ಬಲಿಯಾದ. ಅವಳ ಕಾಲ ಮುಗಿದ ಮೇಲೆ, 706ರಲ್ಲಿ, ಅವನನ್ನು ರಾಜಮರ್ಯಾದೆಯಿಂದ ಇಲ್ಲಿ ಮತ್ತೆ ಹೂಳಿದರು. 1970ರ ದಶಕದ ಆರಂಭದಲ್ಲಿ ಈ ಗೋರಿಯನ್ನು ಅಗೆದಾಗ ಒಂದು ಬೊಂಬೆ ಸಿಕ್ಕಿತು. ಕುದುರೆಯ ಮೇಲೆ ಕೂತ ಬೇಟೆಗಾರ. ಮೈ ತಿರುಗಿಸಿ ಆಕಾಶದ ಕಡೆ ಬಾಣ ಬಿಡುವ ಭಂಗಿ. ಈ ಬೊಂಬೆ ಎರಡು ಮಣ್ಣಿನದು. ಕುದುರೆಯ ಹೊಟ್ಟೆ, ತೊಡೆ, ಕತ್ತಿನ ಮೇಲೆ ಗೆರೆಗಳು ಹರಿದಿರುವುದನ್ನು ನೋಡಿದರೆ ಮೈಯ ಸ್ನಾಯುಗಳೇ ಅಲುಗಿದಂತೆ ಕಾಣುತ್ತದೆ. ಬಟ್ಟಲು, ದಿಂಬು ಮಾಡುವುದೇ ಕಷ್ಟವಾದ ಮಣ್ಣಿನಲ್ಲಿ ತೆಳು ಕಾಲುಗಳ ಕುದುರೆ ಮಾಡಿ, ಮೇಲೆ ಸವಾರನನ್ನು ಕೂರಿಸಿ, ಒಡೆಯದಂತೆ ಸುಟ್ಟವರ ಕೈ ಎಂಥದ್ದಿರಬೇಕು! ನನ್ನ ಮಟ್ಟಿಗೆ ಈ ಇಡೀ ಪರಂಪರೆಯಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ. 706ಕ್ಕೆ ಈ ವಿದ್ಯೆ ಪಳಗಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ.

ನೀವು ನೋಡಿದ ದಿಂಬಿಗೆ ಮರಳೋಣ. ಶಾಂಘೈ ಮ್ಯೂಸಿಯಂನಲ್ಲಿ ಇರುವ ಒಂದು ಹೆಸರಾಂತ ದಿಂಬಿನ ತಳದಲ್ಲಿ ‘ದೂ ಮನೆಯ ಹೂದಿಂಬು’ ಎಂಬರ್ಥದ ನಾಲ್ಕು ಅಕ್ಷರಗಳಿವೆ. ನೀವು ನೋಡಿದ್ದು ಅದೇ ಇರಬಹುದು. ತಾಂಗ್ ಕಾಲದ ಕುಂಬಾರ ತನ್ನ ಸರಕಿಗೆ ಮನೆಯ ಹೆಸರು ಹಾಕಿ ಮಾರುತ್ತಿದ್ದ ಅನ್ನುವುದನ್ನು ಆ ನಾಲ್ಕು ಅಕ್ಷರ ಹೇಳುತ್ತವೆ. ಹೆಸರು ಹಾಕುವಷ್ಟು ಪೈಪೋಟಿ, ಹೆಸರು ಕೇಳಿ ಕೊಳ್ಳುವಷ್ಟು ಗಿರಾಕಿಗಳು ಇಬ್ಬರೂ ಇದ್ದರು. ಅಷ್ಟು ಪುಟ್ಟ ದಿಂಬಿನ ಮೇಲೆ ತಲೆ ಇಟ್ಟು ಮಲಗುತ್ತಿದ್ದರಾ ಅಂತ ಎಲ್ಲರೂ ಕೇಳುತ್ತಾರೆ. ವಿದ್ವಾಂಸರಲ್ಲಿ ಒಮ್ಮತ ಇಲ್ಲ. ವೈದ್ಯರು ನಾಡಿ ನೋಡುವಾಗ ರೋಗಿಯ ಕೈ ಇಡಲು ಅನ್ನುವವರಿದ್ದಾರೆ, ಬರೆಯುವಾಗ ಮಣಿಕಟ್ಟಿಗೆ ಆಸರೆ ಅನ್ನುವವರಿದ್ದಾರೆ, ಗೋರಿಯಲ್ಲಿ ಇಡಲು ಮಾತ್ರ ಅನ್ನುವವರೂ ಇದ್ದಾರೆ. ಗೋರಿಗೆ ಮಾತ್ರ ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಯಾಕೆಂದರೆ ಇಂಥ ದಿಂಬಿನ ಚೂರುಗಳು ಜಪಾನಿನ ನಾರಾದಲ್ಲಿರುವ ದೈಆನ್‌ಜಿ ಎಂಬ ಬೌದ್ಧ ಮಂದಿರದ ಅಗೆತದಲ್ಲೂ ಸಿಕ್ಕಿವೆ, ಬಂದರು ಪಟ್ಟಣವಾಗಿದ್ದ ಯಾಂಗ್‌ಝೌನಲ್ಲೂ ಸಿಕ್ಕಿವೆ. ಸಮುದ್ರ ದಾಟಿಸಿ ಮಂದಿರದಲ್ಲಿ ಇಟ್ಟುಕೊಂಡವರು ಅದನ್ನು ಬೆಲೆಬಾಳುವ ಸಾಮಾನು ಎಂದೇ ನೋಡಿರಬೇಕು.

ಎರಡು ಬಣ್ಣ ಕಲಸುವ ಯೋಚನೆ ಎಲ್ಲಿಂದ ಬಂತು ಅನ್ನುವುದಕ್ಕೂ ಹಲವು ಊಹೆಗಳಿವೆ. ಬಣ್ಣ ಬಣ್ಣದ ಅರಗಿನ ಪದರ ಹಚ್ಚಿ ಉಜ್ಜಿ ಗೆರೆ ಬರಿಸುವ ಮರದ ಸಾಮಾನು ಚೀನಾದಲ್ಲಿ ಮೊದಲೇ ಇತ್ತು. ಪಟ್ಟಿಪಟ್ಟಿ ಗೆರೆಗಳಿರುವ ಅಗೇಟ್ ಕಲ್ಲಿನ ಬಟ್ಟಲುಗಳು ಶ್ರೀಮಂತರ ಮನೆಯಲ್ಲಿದ್ದವು. ಪಶ್ಚಿಮದಿಂದ ಬಣ್ಣದ ಗಾಜು ಬರುತ್ತಿತ್ತು. ಇವುಗಳಲ್ಲಿ ಅಗೇಟ್ ನನಗೆ ಹೆಚ್ಚು ಹತ್ತಿರ ಅನಿಸುತ್ತದೆ, ಆದರೆ ಅದಕ್ಕಾಗಿ ಜಗಳವಾಡುವುದಿಲ್ಲ.

ಸೊಂಗ್ ಕಾಲಕ್ಕೆ ಬಂದರೆ ಕೇಂದ್ರ ಬದಲಾಗುತ್ತದೆ. ಅದೇ ಹೆನಾನ್‌ನ ಶಿಯೂವುನಲ್ಲಿ ದಾಂಗ್‌ಯಾಂಗ್‌ಯು ಎನ್ನುವ ಹಳ್ಳಿ. ಅಲ್ಲಿ ಗೂಡಿನ ದೇವರ ಗುಡಿಗೆ ಸೇರಿದ 1105ರ ಒಂದು ಕಲ್ಲಿನ ಶಾಸನವಿದೆ, ಆ ಕಾಲದಲ್ಲಿ ಊರು ಎಷ್ಟು ಜೋರಾಗಿತ್ತು ಅನ್ನುವುದಕ್ಕೆ ಅದೇ ಪುರಾವೆ. ಇಲ್ಲಿಯವರು ಸೀಸದ ಗ್ಲೇಜ್ ಬಿಟ್ಟು ಹೆಚ್ಚು ಶಾಖದಲ್ಲಿ ಸುಟ್ಟರು. ಮೈ ಗಟ್ಟಿಯಾಯಿತು, ಊಟದ ಪಾತ್ರೆಯಾಗಿ ಬಳಸಲು ಯೋಗ್ಯವಾಯಿತು. ಇವರ ಹೆಗ್ಗುರುತು ಹಕ್ಕಿಯ ಗರಿಯಂಥ ವಿನ್ಯಾಸ. ಪದರ ಮಣ್ಣಿನ ಪಟ್ಟಿಗಳನ್ನು ಓರೆಯಾಗಿ ಕೊಯ್ದು, ಎಡಕ್ಕೆ ವಾಲಿದ್ದನ್ನು ಬಲಕ್ಕೆ ವಾಲಿದ್ದರ ಪಕ್ಕ ಇಟ್ಟರೆ ನಡುವೆ ಒಂದು ದಂಟು, ಎರಡೂ ಕಡೆ ಎಳೆಗಳು ಮೂಡುತ್ತವೆ. ಬಟ್ಟಲಿನ ಬಾಯಿಗೆ ಮಾತ್ರ ಸಾದಾ ಬಿಳಿ ಮಣ್ಣಿನ ಒಂದು ಪಟ್ಟಿ ಸುತ್ತಿರುತ್ತದೆ. ಅಂದಕ್ಕೆ ಅನ್ನುವವರು ಹೆಚ್ಚು. ನನಗೆ ಅದರಲ್ಲಿ ಜಾಣತನವೂ ಕಾಣುತ್ತದೆ. ಬಾಯಿಯ ಅಂಚು ಅತಿ ತೆಳು, ಬಿರುಕು ಶುರುವಾಗುವುದೇ ಅಲ್ಲಿ. ಅಲ್ಲಿ ಸಂದುಗಳೇ ಇಲ್ಲದ ಮಣ್ಣು ಇದ್ದರೆ ಪಾತ್ರೆ ಉಳಿಯುತ್ತದೆ.

1127ರಲ್ಲಿ ಉತ್ತರ ಸೊಂಗ್ ರಾಜಧಾನಿ ಕೈಫೆಂಗ್ ಉತ್ತರದ ಜಿನ್ ರಾಜ್ಯದ ಸೈನ್ಯಕ್ಕೆ ಬಿದ್ದ ಮೇಲೆ ಈ ಕಸುಬು ಸೊರಗಿತು, ಕೊನೆಗೆ ಕೈಬಿಟ್ಟೇ ಹೋಯಿತು. ಈಚಿನ ದಶಕಗಳಲ್ಲಿ ಅದೇ ಊರಿನ ಸುತ್ತ ಕುಶಲಕರ್ಮಿಗಳು ಹಳೆಯ ಚೂರುಗಳನ್ನು ಮುಂದಿಟ್ಟುಕೊಂಡು ಅದನ್ನು ಮತ್ತೆ ಎಬ್ಬಿಸಿದ್ದಾರೆ. ಜಪಾನಿನಲ್ಲಿ ನೆರಿಯಾಗೆ ಎಂಬ ಹೆಸರಿನಲ್ಲಿ ಇದೇ ಬಗೆಯ ಕೆಲಸ ನಡೆಯುತ್ತದೆ. ಅದರಲ್ಲಿ ಮತ್ಸುಯಿ ಕೋಸೆಯ್ ಅವರಿಗೆ 1993ರಲ್ಲಿ ಸರಕಾರವೇ ಜೀವಂತ ರಾಷ್ಟ್ರೀಯ ನಿಧಿ ಎಂಬ ಗೌರವ ಕೊಟ್ಟಿತು. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲೂ ಥಾಮಸ್ ವೀಲ್ಡನ್ ಮುಂತಾದವರು ಅಗೇಟ್ ಪಾತ್ರೆ ಅಂತ ಮಾಡಿದ್ದು ಎರಡು ಮಣ್ಣಿನದೇ.

ಈಗ ನಿಮ್ಮ ಆನ್‌ಲೈನ್ ಬಟ್ಟಲು. ಫೋಟೋ ನೋಡಿ ಹಳೆಯದು, ಹೊಸದು ಅಂತ ತೀರ್ಪು ಕೊಡುವವರನ್ನು ನಂಬಬೇಡಿ, ನಾನೂ ಕೊಡುವುದಿಲ್ಲ. ಆದರೆ ಅದು ನಿಜವಾದ ಎರಡು ಮಣ್ಣಿನ ಕೆಲಸವೇ ಅನ್ನುವುದನ್ನು ನೀವೇ ಪರೀಕ್ಷಿಸಬಹುದು. ಬಾಯಿಯ ಅಂಚಿನ ಫೋಟೋ ಒಂದನ್ನು ಹತ್ತಿರದಿಂದ ಕೇಳಿ. ಹೊರಗಿನ ಕಂದು ಗೆರೆ ಅಂಚು ದಾಟಿ ಒಳಗಿನ ಗೆರೆಗೆ ಸೇರುತ್ತದಾ ನೋಡಿ. ಬಾಯಿಗೆ ಬಿಳಿ ಪಟ್ಟಿ ಇದ್ದರೆ ಅದರ ಕೆಳಗೆ ಒಳಗೂ ಹೊರಗೂ ಗೆರೆಗಳು ಒಂದೇ ಜಾಗದಲ್ಲಿ ಇಳಿಯುತ್ತವಾ ನೋಡಿ. ಹೊರಗೆ ಗೆರೆ, ಒಳಗೆ ಬೋಳು ಆಗಿದ್ದರೆ ಅದು ಮೇಲಿನ ಲೇಪ ಅಥವಾ ಅಚ್ಚು ಒತ್ತಿದ ಚಿತ್ರ. ಆಮೇಲೆ ತಳದ ಫೋಟೋ ಕೇಳಿ, ಗ್ಲೇಜ್ ಇಲ್ಲದ ಭಾಗದ್ದು. ಬಣ್ಣ ಬದಲಾಗುವ ಗಡಿಯಲ್ಲಿ ಸಣ್ಣ ಮೆಟ್ಟಿಲು ಅಥವಾ ಕೂದಲಿನಂಥ ಸೀಳು ಇದ್ದರೆ ಅದು ಕುಂದಲ್ಲ, ಎರಡು ಮಣ್ಣು ಬೇರೆ ಬೇರೆಯಾಗಿ ಕುಗ್ಗಿದ ಗುರುತು.

ವಯಸ್ಸಿನ ಮಾತು ಬೇರೆ. ಗ್ಲೇಜ್‌ನ ಸಣ್ಣ ಬಿರುಕು, ಮಣ್ಣು ಮೆತ್ತಿದ ತಳ, ಬೆಳ್ಳಿಯಂಥ ಮಿನುಗು, ಇವೆಲ್ಲಾ ನೆಲದಲ್ಲಿ ನೂರಾರು ವರ್ಷ ಇದ್ದ ಸೀಸದ ಗ್ಲೇಜ್ ಮೇಲೆ ನಿಜವಾಗಿಯೂ ಬರುತ್ತವೆ, ಆಸಿಡ್ ಹಾಕಿ ಒಂದು ವಾರದಲ್ಲಿ ಬರಿಸಲೂ ಬಹುದು. ಮಣ್ಣನ್ನು ಕೊನೆಯ ಸಲ ಯಾವಾಗ ಸುಟ್ಟರು ಅನ್ನುವುದನ್ನು ಅಳೆಯುವ ಥರ್ಮೋಲ್ಯೂಮಿನೆಸೆನ್ಸ್ ಪರೀಕ್ಷೆ ಇದೆ, ಹಳೆಯ ಚೂರು ಸೇರಿಸಿ ಅದನ್ನೂ ಏಮಾರಿಸುವವರು ಇದ್ದಾರೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಕಾಗದ. ಯಾರ ಬಳಿ ಇತ್ತು, ಯಾವ ವರ್ಷ ಯಾವ ಹರಾಜಿನಲ್ಲಿ ಕೊಂಡರು, ಚೀನಾದಿಂದ ಯಾವಾಗ ಹೊರಬಂತು. 1911ಕ್ಕಿಂತ ಹಳೆಯ ಸಾಮಾನನ್ನು ದೇಶದಿಂದ ಹೊರಗೆ ಒಯ್ಯಲು ಚೀನಾ ಈಗ ಬಹುಮಟ್ಟಿಗೆ ಬಿಡುವುದಿಲ್ಲ. ಕಾಗದವಿಲ್ಲದ ನಿಜವಾದ ತಾಂಗ್ ಬಟ್ಟಲು ಅಂದರೆ ಯಾವುದೋ ಗೋರಿಯಿಂದ ಕದ್ದದ್ದು ಇರಬಹುದು. ಸುಳ್ಳು ಬಟ್ಟಲಿಗಿಂತ ಅದು ಕೆಟ್ಟದ್ದು. ಗೋರಿ ಅಗೆದು ಕದ್ದವರು ಯಿದೆಯ ಬೇಟೆಗಾರನಂಥ ಬೊಂಬೆಯನ್ನು ಅದರ ವರ್ಷದಿಂದ, ಅದರ ಜಾಗದಿಂದ ಶಾಶ್ವತವಾಗಿ ಕಿತ್ತುಬಿಡುತ್ತಾರೆ.

ನಿಮಗೆ ಬೇಕಿರುವುದು ಆ ಗೆರೆಗಳ ಚೆಲುವಾದರೆ ಹೊಸದನ್ನೇ ಕೊಳ್ಳಿ. ಹೊಸದು ಅಂತಲೇ ಹೇಳಿ ಮಾರುವ ಶಿಯೂವು ಕಡೆಯ ಕುಶಲಕರ್ಮಿಗಳ ಕೆಲಸ ಹುಡುಕಿದರೆ ಸಿಗುತ್ತದೆ. ಅದು ಹೆಚ್ಚು ಶಾಖದಲ್ಲಿ ಸುಟ್ಟದ್ದೇ, ಗ್ಲೇಜ್‌ನಲ್ಲಿ ಸೀಸ ಇಲ್ಲವೇ ಅಂತ ಕೇಳಿ ತಿಳಿದುಕೊಂಡರೆ ಟೀ ಕುಡಿಯಲೂ ಬಳಸಬಹುದು. ಹಳೆಯ ಸೀಸದ ಗ್ಲೇಜ್ ಇರುವ ಯಾವ ಪಾತ್ರೆಯಲ್ಲೂ, ಅದು ಅಸಲಿಯಾಗಿರಲಿ ನಕಲಿಯಾಗಿರಲಿ, ಹುಳಿ ಪದಾರ್ಥ ಹಾಕಬೇಡಿ. ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ.